ಇಂಗ್ಲಿಷಿನ ಕಿರುನುಡಿಗಳ ಕಾರುಬಾರು

ನಮ್ಮಲ್ಲಿ ಇಂಗ್ಲಿಷು ಕಲಿತವರಿಗೆ ಇಂದು ಕೊರತೆಯಿಲ್ಲ. ಹತ್ತು ಹನ್ನೆರಡು ವರ್ಷ ಕಷ್ಟಪಟ್ಟು ಕಲಿತ ಆ ವಿದ್ಯೆಯ ಬಲದಿಂದ 'ಪೋಸ್ಟ್‌ಪೋನ್', 'ಟಾಲರೇಟ್', 'ಎಕ್ಸ್‌ಟಿಂಗ್ವಿಶ್' ಮೊದಲಾದ ಭಾರವಾದ ಶಬ್ದಗಳನ್ನು ನಮ್ಮ ಮಕ್ಕಳು ನೀರು ಕುಡಿದಷ್ಟು ಸುಲಭವಾಗಿ ಆಡುತ್ತಾರೆ. ಆದರೆ ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳ ಗೃಹಸ್ಥನು ತನ್ನ ಮನೆಯೊಳಗೆ ಹೆಂಡತಿಮಕ್ಕಳೊಡನೆ ಆಡುವ ಮಾತಿನಲ್ಲಿ ಈ ಶಬ್ದಗಳು ಬಹಳ ಅಪರೂಪ. ಕೆಲಸವನ್ನು ಮುಂದಕ್ಕೆ ಹಾಕುವುದಕ್ಕೆ ಅವನು 'ಪುಟ್ ಆಫ್' ಎನ್ನುತ್ತಾನೆ. ನೆರೆಮನೆಯವರ ಗದ್ದಲವನ್ನು ಸಹಿಸಿಕೊಳ್ಳುವುದಕ್ಕೆ 'ಪುಟ್ ಅಪ್ ವಿತ್' ಎನ್ನುತ್ತಾನೆ. ಬೆಂಕಿಯನ್ನು ಆರಿಸುವುದಕ್ಕೆ 'ಪುಟ್ ಔಟ್' ಎನ್ನುತ್ತಾನೆ. ಮೂರರಲ್ಲಿಯೂ ಇರುವ 'ಪುಟ್' ಒಂದೇ. 'ಇಡು' ಎಂಬ ಅರ್ಥದ ಆ ಪದವನ್ನು ಅರಿಯದ ಬಾಲಕನಿಲ್ಲ. ಅದರ ಹಿಂದೆ ಬಂದು ನಿಂತ ಕಿರುನುಡಿಯೊಂದು ಅರ್ಥವನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡುಬಿಟ್ಟಿದೆ. ದೊಡ್ಡ ಶಬ್ದಗಳನ್ನೆಲ್ಲ ಬಲ್ಲ ನಮ್ಮ ಪದವೀಧರನು ತಬ್ಬಿಬ್ಬಾಗುವುದು ಇಲ್ಲಿಯೇ.

ಕ್ರಿಯಾಪದವೂ ಕಿರುನುಡಿಯೂ ಕೂಡಿ ಹೊಸ ಅರ್ಥವನ್ನು ತಾಳುವ ಇಂತಹ ಜೋಡಿಗಳನ್ನು ಆಂಗ್ಲ ವೈಯಾಕರಣರು 'ಫ್ರೇಸಲ್ ವರ್ಬ್' ಎಂದು ಕರೆಯುತ್ತಾರೆ. ನಾವು ಈ ಲೇಖನದ ಮಟ್ಟಿಗೆ ಇವನ್ನು 'ಜೋಡುಕ್ರಿಯೆ'ಗಳೆನ್ನೋಣ. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕರು ೧೯೨೫ರಲ್ಲಿ ಹೊರತಂದ 'ವರ್ಡ್ಸ್ ಅಂಡ್ ಇಡಿಯಮ್ಸ್' ಎಂಬ ಗ್ರಂಥದಲ್ಲಿ ಆ ಇಂಗ್ಲಿಷು ಹೆಸರನ್ನು ಬಳಸಿ, ಅದನ್ನು ತಮಗೆ ಸೂಚಿಸಿದವರು ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿಯವರೆಂದು ತಿಳಿಸಿದರು. ಹೆಸರು ಈಚಿನದಾದರೂ ತೊಡಕು ಹಳೆಯದು. ಡಾಕ್ಟರ್ ಸ್ಯಾಮ್ಯುಯಲ್ ಜಾನ್‌ಸನ್ನರು ೧೭೫೫ರಲ್ಲಿ ಪ್ರಕಟಿಸಿದ ನಿಘಂಟಿನ ಮುನ್ನುಡಿಯಲ್ಲಿಯೇ, ಪರದೇಶೀಯರಿಗೆ ಅತ್ಯಂತ ಕಷ್ಟವನ್ನುಂಟುಮಾಡುವುದು ಈ ಬಗೆಯ ಜೋಡಣೆಯೆಂದು ತಿಳಿಸಿ ಹಲವು ಉದಾಹರಣೆಗಳನ್ನು ಕೊಟ್ಟಿದ್ದಾರೆ.

ಒಂದೇ ಭಾಷೆಯಲ್ಲಿ ಹೀಗೆ ಎರಡು ಬಗೆಯ ಮಾತು ಏಕೆ ಬೆಳೆಯಿತೆಂದು ವಾಚಕರು ಕೇಳಬಹುದು. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಮೇಲೆ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಫ್ರೆಂಚು ಮಾತು ನೆಲೆಗೊಂಡಿತು. ಧರ್ಮಪೀಠಗಳಲ್ಲಿಯೂ ವಿದ್ಯಾಪೀಠಗಳಲ್ಲಿಯೂ ಲ್ಯಾಟಿನ್ ಮೊದಲೇ ಇದ್ದಿತು. ಹೊಲ, ಅಡಿಗೆಮನೆ, ಸಂತೆ, ತೊಟ್ಟಿಲು ಇವುಗಳ ಸುತ್ತ ಮಾತ್ರ ಹಳೆಯ ದೇಶ್ಯದ ನುಡಿ ಉಳಿಯಿತು. ಜೋಡುಕ್ರಿಯೆಗಳಲ್ಲಿ ಹೆಚ್ಚಾಗಿ ಕಾಣುವ ಕ್ರಿಯಾಪದಗಳು ಆ ನುಡಿಯವು. ಅವುಗಳಲ್ಲಿ 'ಟೇಕ್', 'ಗೆಟ್' ಎಂಬ ಎರಡು, ಅದಕ್ಕೂ ಮುಂಚೆ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದ ಜನರ ಭಾಷೆಯಿಂದ ಬಂದುವು. ನಮ್ಮಲ್ಲಿಯೂ 'ಭೋಜನ'ವು ಆಮಂತ್ರಣಪತ್ರಿಕೆಯಲ್ಲಿದ್ದರೆ 'ಊಟ'ವು ಮನೆಯಲ್ಲಿರುವಂತೆ, ಅಲ್ಲಿ 'ಪೋಸ್ಟ್‌ಪೋನ್' ಕಚೇರಿಯಲ್ಲಿದ್ದರೆ 'ಪುಟ್ ಆಫ್' ಮನೆಯಲ್ಲಿದೆ. ಭಾರತದಲ್ಲಿ ೧೮೩೫ರ ತೀರ್ಮಾನದಿಂದ ಹರಡಿದ ಇಂಗ್ಲಿಷು ವಿದ್ಯೆಯು ನಮಗೆ ಬಂದದ್ದು ಅಚ್ಚಾದ ಪುಸ್ತಕ, ನ್ಯಾಯಸ್ಥಾನ, ಸರ್ಕಾರಿ ಕಾಗದ ಇವುಗಳ ಮೂಲಕ. ಆದಕಾರಣ ಆ ಭಾಷೆಯ ಹಜಾರವು ನಮಗೆ ಚೆನ್ನಾಗಿ ಪರಿಚಿತವಾಯಿತು. ಅಡಿಗೆಮನೆಯ ಬಾಗಿಲು ಅರೆಮುಚ್ಚಿಯೇ ಉಳಿಯಿತು.

ಆದರೆ ಕನ್ನಡಿಗನು ಇದಕ್ಕೆ ಅಂಜಬೇಕಾದುದಿಲ್ಲ. ಪದದ ಜೊತೆಗಾರನು ಬದಲಾದರೆ ಅರ್ಥ ಬದಲಾಗುವ ಚಮತ್ಕಾರ ನಮಗೆ ತಾಯ ಹಾಲಿನೊಡನೆ ಬಂದುದು. ಕಷ್ಟಕಾಲದಲ್ಲಿ ಮಿತ್ರನು 'ಕೈಹಿಡಿದನು' ಎಂದರೆ ಉಪಕಾರ, 'ಕೈಬಿಟ್ಟನು' ಎಂದರೆ ಉದಾಸೀನ, 'ಕೈಕೊಟ್ಟನು' ಎಂದರೆ ಮೋಸ, 'ಕೈಮಾಡಿದನು' ಎಂದರೆ ಹೊಡೆತ. ಕೈಯೆಂಬುದು ನಾಲ್ಕರಲ್ಲಿಯೂ ಒಂದೇ ಅಲ್ಲವೆ? ತಂದೆಯು ಮನೆಯನ್ನು ಮಗನಿಗೆ 'ಬರೆದುಕೊಟ್ಟನು' ಎಂಬುದಕ್ಕೂ ಲೆಕ್ಕವನ್ನು 'ಬರೆದುಕೊಂಡನು' ಎಂಬುದಕ್ಕೂ ಕಾಗದವನ್ನು ಅವಸರದಲ್ಲಿ 'ಬರೆದುಹಾಕಿದನು' ಎಂಬುದಕ್ಕೂ ಇರುವ ಅಂತರವನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಸಂಸ್ಕೃತದಲ್ಲಿ ಇದೇ ಕೆಲಸವನ್ನು ಉಪಸರ್ಗಗಳು ಮಾಡುತ್ತವೆ. ಒಂದೇ ಧಾತುವಿನಿಂದ ಹುಟ್ಟಿದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಲ್ಲಿ ಯಾವುದನ್ನು ಬಯಸಬೇಕು, ಯಾವುದಕ್ಕೆ ಹೆದರಬೇಕೆಂಬುದನ್ನು ನಾವು ಬಲ್ಲೆವು. ಸಂಸ್ಕೃತದಲ್ಲಿ ಮುಂದೆ ನಿಲ್ಲುವ ಕಿರುನುಡಿಯು ಇಂಗ್ಲಿಷಿನಲ್ಲಿ ಹಿಂದೆ ನಿಲ್ಲುತ್ತದೆ, ಭೇದ ಇಷ್ಟೇ.

ಇನ್ನು ಕೆಲವು ಜೋಡಿಗಳನ್ನು ಬಿಡಿಸಿ ನೋಡೋಣ. ಮೊದಲಿಗೆ 'ಗಿವ್', ಅಂದರೆ ಕೊಡು. 'ಗಿವ್ ಅಪ್' ಎಂದರೆ ಬಿಟ್ಟುಬಿಡುವುದು: ಹೊಗೆಸೊಪ್ಪನ್ನು ಬಿಡಬಹುದು, ಪ್ರಯತ್ನವನ್ನು ಬಿಡಬಹುದು, ಆಸೆಯನ್ನು ಬಿಡಬಹುದು. 'ಗಿವ್ ಇನ್' ಎಂದರೆ ಎದುರಾಳಿಯ ಹಟಕ್ಕೆ ಮಣಿಯುವುದು. ಮಗುವು ಅತ್ತು ರಂಪಮಾಡಿ ಮಿಠಾಯಿಯನ್ನು ಪಡೆದರೆ ತಾಯಿ ಮಾಡಿದ್ದು 'ಗಿವ್ ಇನ್'. ಆ ಮಗುವಿಗೆ ಬುದ್ಧಿ ಕಲಿಸುವ ಯತ್ನವನ್ನೇ ಆಕೆ ಕೈಬಿಟ್ಟರೆ ಅದು 'ಗಿವ್ ಅಪ್'. 'ಗಿವ್ ಅವೇ' ಎಂಬುದಕ್ಕೆ ದಾನವಾಗಿ ಕೊಡುವುದೆಂಬ ಅರ್ಥವೂ ಗುಟ್ಟನ್ನು ಬಿಟ್ಟುಕೊಡುವುದೆಂಬ ಅರ್ಥವೂ ಉಂಟು. ಅವರ ವಿವಾಹದಲ್ಲಿ ತಂದೆಯು ಮಗಳನ್ನು ವರನ ಬಳಿಗೆ ಕರೆತಂದು ಒಪ್ಪಿಸುವುದಕ್ಕೂ ಇದೇ ಮಾತು. ಕಳ್ಳನು 'ಗೇವ್ ಹಿಮ್‌ಸೆಲ್ಫ್ ಅಪ್' ಎಂದರೆ ತಾನಾಗಿಯೇ ಹೋಗಿ ಪೊಲೀಸರಿಗೆ ಶರಣಾದನೆಂದು ಭಾವ. 'ಗೇವ್ ಹಿಮ್‌ಸೆಲ್ಫ್ ಅವೇ' ಎಂದರೆ ಬಚ್ಚಿಟ್ಟುಕೊಳ್ಳಬೇಕೆಂದಿದ್ದರೂ ಮಾತಿನಿಂದಲೋ ಮುಖಭಾವದಿಂದಲೋ ಸಿಕ್ಕಿಬಿದ್ದನೆಂದು ಭಾವ.

'ಬ್ರೇಕ್', ಎಂದರೆ ಮುರಿ ಎಂಬುದರ ಸಂಸಾರ ಇನ್ನೂ ದೊಡ್ಡದು. ಬಂಡಿಯು ದಾರಿಯಲ್ಲಿ ಕೆಟ್ಟು ನಿಂತರೆ 'ಬ್ರೇಕ್ ಡೌನ್'. ದುಃಖವನ್ನು ತಡೆಯಲಾರದೆ ಮನುಷ್ಯನು ಬಿಕ್ಕಿಬಿಕ್ಕಿ ಅತ್ತರೂ ಅದೇ ಮಾತು. ನಿಶ್ಚಯವಾದ ಮದುವೆ ನಡೆಯುವ ಮುಂಚೆಯೇ ಮುರಿದರೆ 'ಬ್ರೇಕ್ ಆಫ್'. ಕೂಡಿದ್ದ ಗಂಡಹೆಂಡಿರು ಬೇರೆಯಾದರೆ 'ಬ್ರೇಕ್ ಅಪ್'. ಸಂಬಂಧವನ್ನು ವಿಚಾರಿಸುತ್ತಿರುವ ಎರಡು ಮನೆಗಳ ನಡುವೆ ಈ ಎರಡು ಮಾತುಗಳು ಅದಲುಬದಲಾದರೆ ಎಂತಹ ಅನರ್ಥವಾದೀತೆಂಬುದನ್ನು ಗೃಹಸ್ಥರಿಗೆ ನಾವು ಹೇಳಬೇಕಾದುದಿಲ್ಲ. ಕಳ್ಳನು ಮನೆಗೆ ನುಗ್ಗಿದರೆ 'ಬ್ರೇಕ್ ಇನ್'; ಯುದ್ಧ, ಬೆಂಕಿ, ಸಾಂಕ್ರಾಮಿಕ ರೋಗ ಇವು ಹಠಾತ್ತನೆ ತಲೆದೋರಿದರೆ 'ಬ್ರೇಕ್ ಔಟ್'. ಇಂಗ್ಲೆಂಡಿನಲ್ಲಿ ಓದುವ ಮೊಮ್ಮಗನು ತನ್ನ ಶಾಲೆ ಶುಕ್ರವಾರ 'ಬ್ರೇಕ್ಸ್ ಅಪ್' ಎಂದು ಬರೆದರೆ ಅಜ್ಜನವರು ಗಾಬರಿಪಡಬೇಕಾಗಿಲ್ಲ. ಶಾಲೆಗೆ ಏನೂ ಆಗಿಲ್ಲ, ರಜ ಬಂದಿದೆ.

'ಡೈ', ಎಂದರೆ ಸಾಯು ಎಂಬುದರ ನಾಲ್ಕು ಜೋಡಿಗಳು ನೋಡಲು ಅವಳಿಜವಳಿಗಳಂತಿವೆ. ದೂರ ಹೋಗುತ್ತಿರುವ ಮೆರವಣಿಗೆಯ ವಾದ್ಯದ ಸದ್ದು ಮೆಲ್ಲಮೆಲ್ಲನೆ ಕೇಳಿಸದಂತಾದರೆ 'ಡೈ ಅವೇ'. ಬಿರುಗಾಳಿಯೋ ಉರಿಯೋ ಜನರ ಗದ್ದಲವೋ ತನ್ನ ಆರ್ಭಟವನ್ನು ಕಳೆದುಕೊಂಡು ತಗ್ಗಿದರೆ 'ಡೈ ಡೌನ್'. ಅದು ಮತ್ತೆ ಏಳಲೂಬಹುದು. ತೋಟದ ಗಿಡಗಳು ಒಂದರ ಹಿಂದೊಂದು ಒಣಗಿಹೋದರೆ 'ಡೈ ಆಫ್'. ಒಂದು ಜಾತಿಯ ಪಕ್ಷಿಯೋ ಒಂದು ಭಾಷೆಯೋ ಒಂದು ಸಂಪ್ರದಾಯವೋ ಹೆಸರಿಲ್ಲದಂತೆ ಅಳಿದುಹೋದರೆ 'ಡೈ ಔಟ್'. ಮೊದಲನೆಯದು ಕಿವಿಗೆ ಸಂಬಂಧಿಸಿದ್ದು, ಎರಡನೆಯದು ಬಲಕ್ಕೆ, ಮೂರನೆಯದು ಸಂಖ್ಯೆಗೆ, ನಾಲ್ಕನೆಯದು ವಂಶಕ್ಕೆ. ಕಾವು ತಣಿದ ವಿವಾದವನ್ನು ಕುರಿತು 'ಡೈ ಔಟ್' ಎಂದರೆ, ಅದು ಇನ್ನೆಂದೂ ಏಳದೆಂದು ನಾವು ಭರವಸೆ ಕೊಟ್ಟಂತಾಗುತ್ತದೆ.

ಅರ್ಥವು ತೀರ ವಿರುದ್ಧವಾಗಿ ತಿರುಗುವ ಸ್ಥಳಗಳೂ ಇವೆ. ದೀಪವು 'ವೆಂಟ್ ಆಫ್' ಎಂದರೆ ಆರಿಹೋಯಿತು. ಅದೇ ಅಪಾಯದ ಗಂಟೆಯು 'ವೆಂಟ್ ಆಫ್' ಎಂದರೆ ಬಾರಿಸತೊಡಗಿತು! ಬಾಂಬು 'ವೆಂಟ್ ಆಫ್' ಎಂದರೆ ಸಿಡಿಯಿತು. ಹಾಲು 'ವೆಂಟ್ ಆಫ್' ಎಂದರೆ ಕೆಟ್ಟುಹೋಯಿತು. ಬೆಂಕಿಯ ಗಂಟೆ ನಿಂತಿತೆಂದು ತಿಳಿದು ನಿಶ್ಚಿಂತನಾಗಿ ಮಲಗಿದವನ ಗತಿಯೇನು? ಹಾಗೆಯೇ 'ಲುಕ್ ಓವರ್' ಎಂದರೆ ಕಾಗದವನ್ನೋ ಮನೆಯನ್ನೋ ಒಮ್ಮೆ ಪರಿಶೀಲಿಸುವುದು. ಅದೇ ಎರಡು ಪದಗಳು ಸ್ಥಾನ ಬದಲಿಸಿ ಒಂದಾದ 'ಓವರ್‌ಲುಕ್' ಎಂದರೆ ಕಣ್ಣು ತಪ್ಪಿಸಿ ಬಿಟ್ಟುಬಿಡುವುದು. ಲೆಕ್ಕವನ್ನು 'ಲುಕ್ ಓವರ್' ಮಾಡಿದ ಗುಮಾಸ್ತನಿಗೆ ಮೆಚ್ಚಿಗೆ ದೊರೆಯುತ್ತದೆ. 'ಓವರ್‌ಲುಕ್' ಮಾಡಿದವನಿಗೆ ನೋಟೀಸು ದೊರೆಯುತ್ತದೆ.

ಕಿರುನುಡಿಯೊಂದೇ ಅಲ್ಲ, ಅದು ನಿಲ್ಲುವ ಸ್ಥಳವೂ ಮುಖ್ಯ. 'ಸೀ ಥ್ರೂ ಹಿಮ್' ಎಂದರೆ ಅವನ ಕಪಟವನ್ನು ಕಂಡುಹಿಡಿದೆವೆಂದು ಅರ್ಥ. 'ಸೀ ಹಿಮ್ ಥ್ರೂ' ಎಂದರೆ ಅವನ ಕಷ್ಟವು ದಾಟುವವರೆಗೆ ಜೊತೆಯಲ್ಲಿ ನಿಂತೆವೆಂದು ಅರ್ಥ. ಒಂದು ಮಾತು ಅವನನ್ನು ದೂರ ತಳ್ಳಿತು, ಇನ್ನೊಂದು ತಬ್ಬಿಕೊಂಡಿತು. ಬಹುತೇಕ ಜೋಡುಕ್ರಿಯೆಗಳಲ್ಲಿ 'ಇಟ್' ಮೊದಲಾದ ಸರ್ವನಾಮಗಳು ನಡುವೆ ಬರುತ್ತವೆ. 'ಪುಟ್ ಇಟ್ ಆಫ್' ಎನ್ನಬೇಕೇ ಹೊರತು 'ಪುಟ್ ಆಫ್ ಇಟ್' ಎನ್ನಬಾರದು. ಬೇರೆ ಕೆಲವು ನಡುವೆ ಯಾರನ್ನೂ ಸೇರಿಸುವುದಿಲ್ಲ. 'ಲುಕ್ ಆಫ್ಟರ್ ಇಟ್' ಎಂದೇ ಹೇಳಬೇಕು. ಇದಕ್ಕೆ ಸೂತ್ರವನ್ನು ಬರೆಯಬಹುದಾದರೂ ಕಿವಿಯೇ ಇಲ್ಲಿ ಉತ್ತಮ ಗುರು.

'ಲುಕ್ ಆಫ್ಟರ್' ಎಂದೊಡನೆ ಅದರ ನೆರೆಯಾದ 'ಟೇಕ್ ಆಫ್ಟರ್' ನೆನಪಿಗೆ ಬರುತ್ತದೆ. ಮಗನು ತಂದೆಯನ್ನು 'ಲುಕ್ಸ್ ಆಫ್ಟರ್' ಎಂದರೆ ಮುಪ್ಪಿನಲ್ಲಿ ನೋಡಿಕೊಳ್ಳುತ್ತಾನೆ. 'ಟೇಕ್ಸ್ ಆಫ್ಟರ್' ಎಂದರೆ ಮೋರೆಯಲ್ಲಿಯೋ ಗುಣದಲ್ಲಿಯೋ ತಂದೆಯನ್ನು ಹೋಲುತ್ತಾನೆ. ತಂದೆಯನ್ನು ಹೋಲುವ ಮಗನು ತಂದೆಯನ್ನು ನೋಡಿಕೊಳ್ಳುವ ಮಗನೇ ಆಗಿರಬೇಕೆಂಬ ನಿಯಮ ವ್ಯಾಕರಣದಲ್ಲಿಯೂ ಇಲ್ಲ, ಲೋಕದಲ್ಲಿಯೂ ಇಲ್ಲ. 'ಗ್ರೋ ಅಪ್' ಎಂದರೆ ಮಕ್ಕಳು ತಾವಾಗಿ ಬೆಳೆದು ದೊಡ್ಡವರಾಗುವುದು. 'ಬ್ರಿಂಗ್ ಅಪ್' ಎಂದರೆ ಹಿರಿಯರು ಅವರನ್ನು ಸಾಕಿ ಸಲಹಿ ಬೆಳೆಸುವುದು. ಇವೆರಡನ್ನೂ ಬೆರೆಸಿ ಹೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ; 'ಬೆಳೆ', 'ಬೆಳೆಸು' ಎಂಬ ಕನ್ನಡದ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗೊಂದಲವಿಲ್ಲ.

ಇಷ್ಟು ಹೊತ್ತು ಹೇಳಿದುದರಲ್ಲಿ ಹಲವು ಕೇವಲ ನಗೆಯ ಸಂಗತಿಗಳೆಂದು ತೋರಬಹುದು. ಆದರೆ ಈಗ ಹೇಳಲಿರುವುದು ಹಾಗಲ್ಲ. ಮನುಷ್ಯನು ನೋವಿನಲ್ಲಿರುವಾಗ, ಅವಸರದಲ್ಲಿರುವಾಗ, ಒಬ್ಬರನ್ನೊಬ್ಬರು ಸಮಾಧಾನಪಡಿಸುವಾಗ ಪುಸ್ತಕದ ಭಾಷೆಯನ್ನು ಆಡುವುದಿಲ್ಲ. ಮನೆಯ ಭಾಷೆಯನ್ನೇ ಆಡುತ್ತಾನೆ. ಆದುದರಿಂದಲೇ ಇಂಗ್ಲಿಷು ನಾಡಿನ ಆಸ್ಪತ್ರೆಗಳಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಈ ಜೋಡುಕ್ರಿಯೆಗಳೇ. ಮಕ್ಕಳನ್ನು ನೋಡಲೆಂದು ಹೊರದೇಶಕ್ಕೆ ಹೋಗುವ ನಮ್ಮ ಹಿರಿಯರು ಇಂದು ಅನೇಕರು. ಅಲ್ಲಿ ದಾದಿಯರಾಗಿ, ವೈದ್ಯರಾಗಿ ದುಡಿಯುವ ಕನ್ನಡಿಗರೂ ಉಂಟು. ರೋಗಿಯು 'ಥ್ರೋ ಅಪ್' ಎಂದರೆ ಏನನ್ನೂ ಎಸೆಯಲಿಲ್ಲ, ವಾಂತಿಮಾಡಿದನು. ಕೆಮ್ಮುವಾಗ ಏನಾದರೂ 'ಬ್ರಿಂಗ್ ಅಪ್' ಆಗುತ್ತದೆಯೆ ಎಂದು ವೈದ್ಯರು ಕೇಳಿದರೆ ಅದು ಮಕ್ಕಳನ್ನು ಸಾಕುವ ಪ್ರಶ್ನೆಯಲ್ಲ, ಕಫದ ಪ್ರಶ್ನೆ. 'ಕಮ್ ಡೌನ್ ವಿತ್' ಎಂದರೆ ಕಾಯಿಲೆ ಬೀಳುವುದು. 'ಕಮ್ ಅಪ್ ವಿತ್' ಎಂದರೆ ಒಂದು ಉಪಾಯವನ್ನು ಹೊಳೆಯಿಸುವುದು. 'ಕಮ್ ರೌಂಡ್' ಎಂದರೆ ಎಚ್ಚರ ತಪ್ಪಿದವನಿಗೆ ಪ್ರಜ್ಞೆ ಮರಳುವುದು. ನೋವು ಶಮನದ ಔಷಧವು 'ವೇರ್ ಆಫ್' ಆಯಿತೆಂದರೆ ಅದರ ಪ್ರಭಾವ ಇಳಿದಿದೆ, ನೋವು ಮರಳಬಹುದು. ಮನುಷ್ಯನು 'ವೋರ್ನ್ ಔಟ್' ಎಂದರೆ ದಣಿದು ಸೋತಿದ್ದಾನೆ.

ಪಥ್ಯದ ವಿಷಯದಲ್ಲಿ ಎರಡು ಮಾತುಗಳನ್ನು ಪ್ರತಿಯೊಬ್ಬ ಗೃಹಿಣಿಯೂ ಬೇರ್ಪಡಿಸಿ ತಿಳಿದಿರಬೇಕು. ಉಪ್ಪನ್ನು 'ಕಟ್ ಡೌನ್' ಮಾಡಿರೆಂದು ವೈದ್ಯರು ಹೇಳಿದರೆ ಕಡಮೆಮಾಡಬೇಕೆಂದು ತಾತ್ಪರ್ಯ. 'ಕಟ್ ಔಟ್' ಮಾಡಿರೆಂದರೆ ಪೂರ್ತಿಯಾಗಿ ಬಿಡಬೇಕೆಂದು ತಾತ್ಪರ್ಯ. ಮಾತ್ರೆಗಳನ್ನು 'ಕ್ಯಾರಿ ಆನ್' ಮಾಡಿರೆಂದರೆ ತೆಗೆದುಕೊಳ್ಳುತ್ತಲೇ ಇರಬೇಕು. 'ಕಮ್ ಆಫ್' ಎಂದರೆ ನಿಲ್ಲಿಸಬೇಕು. ಇಲ್ಲಿ 'ಆನ್', 'ಆಫ್' ಎಂಬ ಎರಡಕ್ಷರಗಳ ಮೇಲೆ ಒಂದು ಜೀವದ ಭಾರವೇ ನಿಂತಿದೆ.

'ಪಾಸ್' ಎಂಬುದರ ವಿಚಾರವನ್ನಂತೂ ಹೇಳಲೇಬೇಕು. 'ಪಾಸ್ ಅವೇ' ಎಂದರೆ ತೀರಿಕೊಳ್ಳುವುದು. 'ಪಾಸ್ ಔಟ್' ಎಂದರೆ ಮೂರ್ಛೆಹೋಗುವುದು. ಆಸ್ಪತ್ರೆಯಿಂದ ಬರುವ ಸುದ್ದಿಯಲ್ಲಿ ಇವೆರಡಕ್ಕೂ ಇರುವ ಅಂತರ ಎಷ್ಟೆಂಬುದನ್ನು ವಿವರಿಸಬೇಕಾದುದಿಲ್ಲ. ನಮ್ಮ ದೇಶದಲ್ಲಿ 'ಪಾಸ್ ಔಟ್' ಎಂದರೆ ಕಾಲೇಜಿನ ವ್ಯಾಸಂಗವನ್ನು ಮುಗಿಸಿ ಹೊರಬರುವುದು. ಇಂಗ್ಲೆಂಡಿನಲ್ಲಿ ಸೈನ್ಯದ ಶಿಕ್ಷಣವನ್ನು ಮುಗಿಸಿದವರಿಗೆ ಈ ಮಾತು ಸಲ್ಲುವುದಾದರೂ, ಸಾಮಾನ್ಯ ವಿದ್ಯಾರ್ಥಿಯು ಇಂತಹ ವರ್ಷ ಇಂತಹ ಕಾಲೇಜಿನಲ್ಲಿ 'ಪಾಸ್ ಔಟ್' ಆದೆನೆಂದರೆ ಅಲ್ಲಿಯವರು ಪಾಪ, ಏಕೆ ಮೂರ್ಛೆಹೋದನೋ ಎಂದುಕೊಂಡಾರು. ನಮ್ಮ ಪ್ರಯೋಗವು ಅಶುದ್ಧವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಈ ದೇಶದಲ್ಲಿ ಎಲ್ಲರಿಗೂ ತಿಳಿಯುವ ಮಾತು ಈ ದೇಶದಲ್ಲಿ ಸಾಧುವೇ ಸರಿ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಫೈಲನ್ನು ಮೇಲಧಿಕಾರಿಯ ಮುಂದಿಡುವುದಕ್ಕೆ 'ಪುಟ್ ಅಪ್' ಎನ್ನುವುದೂ ಹೀಗೆಯೇ ಬೇರೂರಿದೆ. ಆದರೆ ಊರು ಬಿಟ್ಟು ಹೊರಗೆ ಹೊರಟವನು ತನ್ನ ನಾಣ್ಯವು ಅಲ್ಲಿ ನಡೆಯುತ್ತದೆಯೆ ಎಂದು ವಿಚಾರಿಸಿಕೊಳ್ಳುವುದು ವಿವೇಕ.

'ಪುಟ್ ಅಪ್' ಎಂಬ ಮಾತಿಗೆ ಇಂಗ್ಲಿಷು ಮನೆಗಳಲ್ಲಿ ಅತಿಥಿಗೆ ಮಲಗಲು ಸ್ಥಳ ಕೊಡುವುದೆಂದು ಅರ್ಥವುಂಟು. 'ನಿಮ್ಮನ್ನು ಎರಡು ದಿನ ಪುಟ್ ಅಪ್ ಮಾಡುತ್ತೇವೆ' ಎಂಬುದು ಆದರದ ಮಾತು. ಅದಕ್ಕೆ 'ವಿತ್' ಎಂಬ ಬಾಲವೊಂದು ಸೇರಿದರೆ, 'ನಿಮ್ಮನ್ನು ಎರಡು ದಿನ ಹೇಗೋ ಸಹಿಸಿಕೊಳ್ಳುತ್ತೇವೆ' ಎಂದಾಗುತ್ತದೆ! 'ಪುಟ್ ಡೌನ್' ಎಂಬುದು ಇದಕ್ಕಿಂತಲೂ ಭಯಂಕರ. ಹೆಸರನ್ನು 'ಪುಟ್ ಡೌನ್' ಎಂದರೆ ಬರೆದುಕೊಳ್ಳುವುದು. ಮನುಷ್ಯನನ್ನು 'ಪುಟ್ ಡೌನ್' ಎಂದರೆ ನಾಲ್ವರ ಮುಂದೆ ಅವಮಾನಪಡಿಸುವುದು. ಮಗುವನ್ನು 'ಪುಟ್ ಡೌನ್' ಎಂದರೆ ತೊಟ್ಟಿಲಲ್ಲಿ ಮಲಗಿಸುವುದು. ಸಾಕಿದ ನಾಯಿಯನ್ನು 'ಪುಟ್ ಡೌನ್' ಎಂದರೆ ವಾಸಿಯಾಗದ ವ್ಯಾಧಿಯಿಂದ ನರಳುವ ಅದನ್ನು ಪಶುವೈದ್ಯರಿಂದ ಸೂಜಿಮದ್ದು ಕೊಡಿಸಿ ಕೊನೆಗಾಣಿಸುವುದು. ಅಲ್ಲಿಯ ಪಶುವೈದ್ಯಶಾಲೆಯಲ್ಲಿ ಈ ಮಾತಿಗೆ ತಲೆದೂಗುವ ಮುಂಚೆ ಎರಡು ಸಲ ಯೋಚಿಸಬೇಕು. ಜೋಡಿ ಒಂದೇ ಆದರೂ ಕರ್ಮಪದವು ಬದಲಾದಂತೆ ಅರ್ಥವೂ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಣದ ವ್ಯವಹಾರದಲ್ಲಿಯೂ ಎಚ್ಚರ ಅಗತ್ಯ. 'ಪೇ ಇನ್' ಎಂದರೆ ಬ್ಯಾಂಕಿನ ಖಾತೆಗೆ ಕಟ್ಟುವುದು. 'ಪೇ ಬ್ಯಾಕ್' ಎಂದರೆ ತಂದುದನ್ನು ಹಿಂದಿರುಗಿಸುವುದು. 'ಪೇ ಆಫ್' ಎಂದರೆ ಸಾಲವನ್ನು ಬಡ್ಡಿಸಹಿತ ಚುಕ್ತಾಮಾಡಿ ಋಣಮುಕ್ತನಾಗುವುದು. 'ಪೇ ಅಪ್' ಎಂದರೆ ಮನಸ್ಸಿಲ್ಲದಿದ್ದರೂ ತಗಾದೆಗೆ ಮಣಿದು ಕೊಡುವುದು. ಕಾಗದಪತ್ರಗಳಲ್ಲಿ 'ಸೈನ್ ಅಪ್' ಎಂದರೆ ಹೆಸರು ಕೊಟ್ಟು ಸೇರುವುದು. 'ಸೈನ್ ಓವರ್' ಎಂದರೆ ಸ್ವತ್ತನ್ನು ಇನ್ನೊಬ್ಬರಿಗೆ ಬರೆದುಕೊಡುವುದು. 'ಸೈನ್ ಅವೇ' ಎಂದರೆ ತನ್ನ ಹಕ್ಕನ್ನು ಸಹಿಹಾಕಿ ಕಳೆದುಕೊಳ್ಳುವುದು. ಈಗ ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಎದುರಾಗುವ 'ಆಪ್ಟ್ ಇನ್', 'ಆಪ್ಟ್ ಔಟ್' ಎಂಬ ಎರಡು ಗುಂಡಿಗಳಲ್ಲಿ ಮೊದಲನೆಯದು ಒಪ್ಪಿ ಒಳಸೇರುವುದಕ್ಕೆ, ಎರಡನೆಯದು ಬೇಡವೆಂದು ಹೊರಗುಳಿಯುವುದಕ್ಕೆ. ಓದದೆ ಒತ್ತಿದ ಬೆರಳಿಗೆ ತಿಂಗಳು ತಿಂಗಳಿಗೆ ದಂಡ ಬೀಳಬಹುದು.

ಹಾಗಾದರೆ ಈ ಅರಣ್ಯದಲ್ಲಿ ದಾರಿಯೇ ಇಲ್ಲವೆ? ಉಂಟು. ಕಿರುನುಡಿಗಳಿಗೆ ಒಂದೊಂದು ಸ್ವಭಾವವಿದೆ. 'ಅಪ್' ಎಂಬುದು ಅನೇಕ ಕಡೆ ಕೆಲಸವು ಪೂರ್ತಿಯಾಯಿತೆಂಬುದನ್ನು ಸೂಚಿಸುತ್ತದೆ: 'ಈಟ್ ಅಪ್' ಎಂದರೆ ಎಲೆಯಲ್ಲಿ ಏನೂ ಉಳಿಯದಂತೆ ತಿಂದು ಮುಗಿಸುವುದು, 'ಯೂಸ್ ಅಪ್' ಎಂದರೆ ಬಳಸಿ ಬರಿದುಮಾಡುವುದು. ನಮ್ಮ 'ತಿಂದುಬಿಡು' ಎಂಬಲ್ಲಿಯ 'ಬಿಡು' ಇದಕ್ಕೆ ಹತ್ತಿರದ ನೆಂಟ. 'ಆನ್' ಎಂಬುದು ಮುಂದುವರಿಕೆಯನ್ನು ಸೂಚಿಸುತ್ತದೆ: 'ಗೋ ಆನ್', 'ಕೀಪ್ ಆನ್'. 'ಡೌನ್' ಎಂಬುದು ತಗ್ಗುವುದನ್ನೂ, ಹಲವು ಕಡೆ ಬರೆದಿಡುವುದನ್ನೂ ಸೂಚಿಸುತ್ತದೆ: 'ಸ್ಲೋ ಡೌನ್', 'ರೈಟ್ ಡೌನ್'. 'ಔಟ್' ಎಂಬುದರಲ್ಲಿ ಬರಿದಾಗುವುದೂ ಉಂಟು, ಬಯಲಾಗುವುದೂ ಉಂಟು: ಎಣ್ಣೆ 'ರನ್ ಔಟ್' ಆಗುತ್ತದೆ, ಗುಟ್ಟು 'ಫೈಂಡ್ ಔಟ್' ಆಗುತ್ತದೆ. 'ಆಫ್' ಎಂಬುದರಲ್ಲಿ ಬಿಡುಗಡೆ, ಅಗಲಿಕೆ. 'ಥ್ರೂ' ಎಂಬುದರಲ್ಲಿ ದಾಟುವಿಕೆ. ಇವು ನಿಯಮಗಳಲ್ಲ, ಕೈಮರಗಳು. ಕೈಮರವು ದಿಕ್ಕನ್ನು ತೋರಿಸೀತು. ನಡೆಯುವವನು ಹಳ್ಳತಿಟ್ಟುಗಳನ್ನು ತಾನೇ ನೋಡಿಕೊಳ್ಳಬೇಕು.

ಸಣ್ಣ ಪದಗಳೇ ಸುಲಭವೆಂಬ ಭ್ರಮೆ ದೊಡ್ಡವರಿಗೂ ಉಂಟಾದುದುಂಟು. ಸಿ. ಕೆ. ಆಗ್ಡನ್ ಎಂಬ ಆಂಗ್ಲ ಪಂಡಿತರು ೧೯೩೦ರಲ್ಲಿ 'ಬೇಸಿಕ್ ಇಂಗ್ಲಿಷ್' ಎಂಬ ಯೋಜನೆಯನ್ನು ಪ್ರಕಟಿಸಿ, ೮೫೦ ಪದಗಳಿಂದಲೇ ಲೋಕವ್ಯವಹಾರವನ್ನೆಲ್ಲ ನಡೆಸಬಹುದೆಂದು ವಾದಿಸಿದರು. ಆ ಪದಗಳಲ್ಲಿ ಕ್ರಿಯಾಪದಗಳು ೧೮ ಮಾತ್ರ. ಉಳಿದ ಕ್ರಿಯೆಗಳ ಕೆಲಸವನ್ನು 'ಪುಟ್', 'ಗಿವ್', 'ಟೇಕ್' ಮೊದಲಾದವುಗಳಿಗೆ ಕಿರುನುಡಿಗಳನ್ನು ಜೋಡಿಸಿ ಪೂರೈಸಬೇಕೆಂಬುದು ಅವರ ಉಪಾಯ. ಪದಗಳ ಪಟ್ಟಿಯೇನೋ ಒಂದು ಹಾಳೆಯಲ್ಲಿ ಹಿಡಿಸಿತು. ಆದರೆ ಆ ಹದಿನೆಂಟರಿಂದ ಹುಟ್ಟುವ ಜೋಡಿಗಳು ಯಾವ ಹಾಳೆಯಲ್ಲಿ ಹಿಡಿಸಬೇಕು? ಹೊರಗಿನಿಂದ ಕಲಿಯುವವನಿಗೆ 'ಟಾಲರೇಟ್' ಎಂಬ ಒಂದು ಪದವನ್ನು ಕಲಿಯುವುದಕ್ಕಿಂತ 'ಪುಟ್', 'ಅಪ್', 'ವಿತ್' ಎಂಬ ಮೂರನ್ನೂ ಬಲ್ಲವನಾಗಿದ್ದು ಅವು ಕೂಡಿದಾಗಿನ ಅರ್ಥವನ್ನು ಊಹಿಸುವುದು ಹೆಚ್ಚು ಕಷ್ಟ.

ಕಲಿಯಬಯಸುವವರಿಗೆ ನಮ್ಮ ಸೂಚನೆಗಳು ಕೆಲವೇ. ಒಂದು ಕ್ರಿಯಾಪದಕ್ಕೆ ಇಪ್ಪತ್ತು ಬಾಲಗಳನ್ನು ಕಟ್ಟಿ ಪಟ್ಟಿಮಾಡಿ ಉರುಹೊಡೆಯುವುದು ವ್ಯರ್ಥ. ಪಟ್ಟಿಯಲ್ಲಿ ಒಟ್ಟಿಗೆ ಕುಳಿತ ಅವಳಿಗಳು ತಲೆಯಲ್ಲಿಯೂ ಒಟ್ಟಿಗೆ ಕುಳಿತು ಒಂದರ ಜಾಗದಲ್ಲಿ ಇನ್ನೊಂದು ಏಳುತ್ತವೆ. ಸಂದರ್ಭದಿಂದ ಕಲಿಯುವುದು ಮೇಲು: ಕಾಯಿಲೆಯ ಮಾತುಗಳು ಒಂದು ದಿನ, ಹಣದ ಮಾತುಗಳು ಒಂದು ದಿನ, ಮಕ್ಕಳ ಮಾತುಗಳು ಒಂದು ದಿನ. ಪ್ರತಿಯೊಂದನ್ನೂ ಅದರ ಕರ್ಮಪದದೊಡನೆ, ಒಂದು ಪೂರ್ಣವಾಕ್ಯವಾಗಿ ಬರೆದಿಟ್ಟುಕೊಳ್ಳಬೇಕು. ಬರಿಯ 'ಪುಟ್ ಡೌನ್' ಎಂದು ಬರೆದರೆ ಮಗುವೋ ನಾಯಿಯೋ ತಿಳಿಯದು. ನಿಘಂಟನ್ನು ತೆರೆದಾಗ ಮೊದಲ ಅರ್ಥಕ್ಕೇ ನಿಲ್ಲದೆ ಕೊನೆಯವರೆಗೆ ನೋಡಬೇಕು.

ಇನ್ನೊಂದು ಮಾತು. ಕೇಳಿದಾಗ ತಿಳಿಯುವುದು ಅವಶ್ಯಕ. ಆಡಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಸಂದೇಹವಿರುವಲ್ಲಿ 'ಫೇಂಟ್', 'ವಾಮಿಟ್', 'ಸ್ಟಾಪ್', 'ರೆಡ್ಯೂಸ್' ಎಂಬ ನೇರವಾದ ಒಂಟಿಪದವನ್ನು ಬಳಸಿದರೆ ಯಾರೂ ನಗುವುದಿಲ್ಲ, ಯಾರಿಗೂ ಅಪಾಯವಿಲ್ಲ. ಇಂಗ್ಲಿಷರು ತಮ್ಮತಮ್ಮೊಳಗೆ ಆಡುವಂತೆಯೇ ಆಡಬೇಕೆಂಬ ಹುರುಪಿನಲ್ಲಿ ಅರ್ಜಿಯಲ್ಲಿಯೂ ಕಚೇರಿಯ ಕಾಗದದಲ್ಲಿಯೂ ಜೋಡುಕ್ರಿಯೆಗಳನ್ನು ತುಂಬುವುದು, ಮನೆಯ ಉಡುಪಿನಲ್ಲಿ ದರ್ಬಾರಿಗೆ ಹೋದಂತೆ. ವೈದ್ಯರೋ ಅಧಿಕಾರಿಗಳೋ ಆಡಿದ ಮಾತು ಸ್ಪಷ್ಟವಾಗದಿದ್ದರೆ, ದಯವಿಟ್ಟು ಬೇರೆ ಪದಗಳಲ್ಲಿ ಹೇಳಿರೆಂದು ಕೇಳಲು ಸರ್ವಥಾ ಸಂಕೋಚಪಡಬಾರದು. ತಿಳಿಯದೆ ತಲೆದೂಗುವುದೇ ನಾಚಿಕೆಗೆ ಕಾರಣವಾಗಬೇಕು. ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಮನೆಯಲ್ಲಿ ಇಂಗ್ಲಿಷು ಓದುವ ಮಕ್ಕಳಿದ್ದರೆ, ಸಂಜೆಯ ಊಟದ ಹೊತ್ತಿನಲ್ಲಿ ಇಂತಹ ಒಂದು ಜೋಡಿಯನ್ನು ಎತ್ತಿಕೊಂಡು ಅದಕ್ಕೆ ಸರಿಯಾದ ಕನ್ನಡದ ಮಾತಾವುದೆಂದು ಕೇಳಿನೋಡಿರಿ. 'ಲೆಟ್ ಡೌನ್' ಎಂಬುದಕ್ಕೆ 'ಕೈಕೊಡು', 'ಗಿವ್ ಅಪ್' ಎಂಬುದಕ್ಕೆ 'ಕೈಬಿಡು', 'ಪುಲ್ ಥ್ರೂ' ಎಂಬುದಕ್ಕೆ 'ಪಾರಾಗು' ಎಂದು ಅವರಾಗಿಯೇ ಹುಡುಕಿ ತೆಗೆದಾರು. ಆಗ ಪರಭಾಷೆಯ ಗಂಟು ಸಡಿಲವಾಗುವುದಲ್ಲದೆ, ತಮ್ಮ ಮಾತಿನಲ್ಲಿ ದಿನವೂ ಆಡುತ್ತಿದ್ದರೂ ಗಮನಿಸದೆ ಇದ್ದ ಸಂಪತ್ತು ಎಷ್ಟೆಂಬುದೂ ಅವರ ಕಣ್ಣಿಗೆ ಬೀಳುವುದು.